ಲ್ಯಾಪ್ರೋ ಅಂದರೆ ಏನು ಗೊತ್ತಾ

ನನ್ನ ಮಗ ರಂಗರಾಜು ಈಗ ನಿಂತುಕೊಂಡೇ ಊಟ ಮಾಡುತ್ತಾನೆ. ಕಾಲು ಮಡಚಿ ಕೂತರೆ ಬಲಗಡೆ ತೊಡೆಸಂದಿನಲ್ಲಿ ಕಾದ ತಂತಿ ಎಳೆದಂತಾಗುತ್ತದಂತೆ. ಹರ್ನಿಯಾ ಆಪರೇಷನ್ ಆಗಿ ವರ್ಷ ಕಳೆಯಿತು. ಗಾಯ ಚೆನ್ನಾಗಿ ಮಾಗಿದೆ. ಅದಕ್ಕೇ ಅವನ ನೋವನ್ನು ಯಾರೂ ನಂಬುವುದಿಲ್ಲ.

ನನ್ನ ತಮ್ಮ ಪಾಲಣ್ಣನಂತೂ ಆಡಿಕೊಳ್ಳುತ್ತಾನೆ. ಹುಲಿಕುಂಟೆ ಸುತ್ತಮುತ್ತ ಹುಣಸೆಮರಗಳನ್ನು ಗುತ್ತಿಗೆಗೆ ಹಿಡಿಯುವವನು ಅವನು. ಮರ ಹತ್ತಿ ಬಡಿಯುವುದು ರಂಗರಾಜುವಿನ ಕೆಲಸವಾಗಿತ್ತು.

"ಲೇ, ಹೆತ್ತ ಹೆಂಗಸ್ರೇ ಎದ್ದು ಕಳೆ ಕೀಳಕ್ಕೆ ಬತ್ತಾರೆ. ನಿನ್ ಬಾಣಂತನ ಇನ್ನೂ ಮುಗೀಲಿಲ್ವೇನ್ಲಾ?" ಎಂದು ಆಳುಗಳ ಮುಂದೆ ಅಂದ. ಎಲ್ಲರೂ ನಕ್ಕರು. ಮಗನೂ ನಕ್ಕ.

ಆಪರೇಷನ್ನಿಗೆ ಮೊದಲು ತುಮಕೂರಿನ ಡಾಕ್ಟರು ಎರಡು ದಾರಿ ಹೇಳಿದ್ದರು. ಕೊಯ್ದು ಮಾಡುವುದು ಒಂದು, ಸಣ್ಣ ತೂತುಗಳಿಂದ ಮಾಡುವ ಲ್ಯಾಪ್ರೋ ಇನ್ನೊಂದು. ಎರಡರಲ್ಲೂ ಕೆಲವರಿಗೆ ನೋವು ಉಳಿಯಬಹುದು, ಲ್ಯಾಪ್ರೋದಲ್ಲಿ ಸ್ವಲ್ಪ ಕಡಿಮೆ, ಆದರೆ ಸರದಿಗೆ ಒಂದು ತಿಂಗಳು ಕಾಯಬೇಕು ಅಂದರು.

ಹೊರಗೆ ಬಂದ ಮೇಲೆ, ಜೊತೆಗೆ ಬಂದಿದ್ದ ಪಾಲಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಲ್ಯಾಪ್ರೋ ಅಂದ್ರೆ ಏನು ಗೊತ್ತಾ? ಶಿರಾ ಕ್ಯಾಂಪ್ನಾಗೆ ನಿಂಗೆ ಮಾಡಿದ್ರಲ್ಲ, ಅದೇ. ಮದುವೆ ಆಗದ ಹುಡುಗನ್ಗೆ ಅದನ್ನ ಮಾಡ್ಸಿಬುಡ್ತೀಯಾ?"

ನಮ್ಮ ಕಡೆ ಲ್ಯಾಪ್ರೋ ಅಂದರೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನು. ಬೇರೆ ಅರ್ಥವೇ ಇಲ್ಲ. ಲ್ಯಾಪ್ರೋ ಬೇಡವೇ ಬೇಡ ಅಂದೆ. ಅದೇ ವಾರ, ಅವನು ತೋರಿಸಿದ ನರ್ಸಿಂಗ್ ಹೋಮಿನಲ್ಲಿ ಕೊಯ್ದು ಮಾಡಿಸಿದೆವು.

ಮೊನ್ನೆ ಪಾಲಣ್ಣನಿಗೂ ಹರ್ನಿಯಾ ಆಪರೇಷನ್ ಆಯಿತು. ಮೆಣಸಿನ ಸಾರು ಮಾಡಿಕೊಂಡು ನೋಡಲು ಹೋದೆ. ಅವನ ಹೆಂಡತಿ ಶಿವಲಕ್ಷ್ಮಿ ಲೋಟ ತೆಗೆದುಕೊಳ್ಳುತ್ತಾ ಅಂದಳು: "ಮೂರೇ ತೂತು ಕಣತ್ತಿಗೆ! ಲ್ಯಾಪ್ರೋದಾಗೇ ಮಾಡಿಸ್ಕಂತೀನಿ ಅಂತ ಕಾದಿದ್ದು ಮಾಡಿಸ್ಕಂಡ್ರು."

ನಾನು ಪಾಲಣ್ಣನ ಮುಖ ನೋಡಿದೆ.

"ಅದು ಮಕ್ಕಳಾಗ್ದಿರೋ ಆಪರೇಷನ್ ಅಂದಿದ್ದೆಯಲ್ಲಪ್ಪಾ."

"ನಂಗಿನ್ನೇನ್ ಮಕ್ಳು ಬೇಕಕ್ಕಾ?" ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ.

"ತಮಾಸೆ ಬ್ಯಾಡ. ಅವತ್ತು ನಿಂಗೆ ಗೊತ್ತಿತ್ತಾ?"

ಅವನು ಗೋಡೆಯ ಕಡೆ ತಿರುಗಿದ. "ಹುಣಸೆ ಉದುರ್ತಿತ್ತು ಕಣಕ್ಕಾ. ತಿಂಗಳುಗಟ್ಲೆ ಕಾಯಕ್ಕಾಯ್ತದಾ? ಬೇಗ ಮಾಡ್ಸಿದ್ರೆ ಬೇಗ ಎದ್ದು ಬತ್ತಾನೆ ಅಂದ್ಕಂಡೆ."

ಲ್ಯಾಪ್ರೋದಲ್ಲಿ ಮಾಡಿಸಿದ್ದರೂ ನೋವು ಉಳಿಯುತ್ತಿತ್ತೇನೋ, ನನಗೆ ತಿಳಿಯದು. ತಿಳಿದು ಆರಿಸಿಕೊಂಡದ್ದರಿಂದ ಬಂದ ನೋವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನನ್ನ ಮೈಮೇಲೆ ಆಗಿದ್ದ ಆಪರೇಷನ್ನನ್ನೇ ಹಿಡಿದು ನನ್ನನ್ನು ಹೆದರಿಸಿದ್ದ, ನಾನು ಎತ್ತಿ ಆಡಿಸಿದ ತಮ್ಮ. ಮೇಲೆ ನನ್ನ ಮಗನ ನೋವನ್ನು ನಾಟಕ ಅಂದ.

ಮನೆಗೆ ಬಂದಾಗ ರಂಗರಾಜು ಬಾಗಿಲಿಗೆ ಒರಗಿ ನಿಂತಿದ್ದ. ನೋವಿಗೆ ಚಿಕಿತ್ಸೆ ಕೊಡುವ ಡಾಕ್ಟರೊಬ್ಬರು ತುಮಕೂರಿನಲ್ಲಿದ್ದಾರೆಂದು ಯಾರೋ ಹೇಳಿದ್ದರಂತೆ.

"ಮಾವ ಉಷಾರಾಗ್ಲಿ, ಜೊತೇಲಿ ಕರ್ಕಂಡ್ ಹೋಗಣ ಕಣಮ್ಮ. ಅವ್ರಿಗಾದ್ರೆ ಎಲ್ಲಾ ಗೊತ್ತಾಯ್ತದೆ" ಅಂದ.

ಮುಚ್ಚಿಡಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಅವನು ರೇಗಲಿಲ್ಲ. ತೊಡೆಸಂದಿನ ಮೇಲೆ ಕೈ ಒತ್ತಿಕೊಂಡ.

"ಮಾವ ನನ್ನೇ ಕೇಳ್ಬೋದಿತ್ತಲ್ಲಮ್ಮ" ಅಂದ. "ಆ ಒಂದ್ ತಿಂಗ್ಳು ಪಂಚೆ ಬಿಗಿಯಾಗಿ ಸುತ್ಕಂಡು ಮರ ಬಡಿದುಕೊಟ್ಟೇ ಆಪರೇಷನ್ಗೆ ಹೋಗ್ತಿದ್ದೆ."