ಉಜ್ಜಿದ ಬಟ್ಟಲು

"ಅಯ್ಯೋ ಅತ್ತೆ, ಇದನ್ನ ಯಾಕೆ ಉಜ್ಜಿದ್ರಿ?"

ಜ್ಯೋತ್ಸ್ನಾ ಇನ್ನೂ ಕೋಟು ಬಿಚ್ಚಿರಲಿಲ್ಲ. ಬ್ಯೂಮಾಂಟ್ ಆಸ್ಪತ್ರೆಯ ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಂತು ಪಾದ ಊದಿಕೊಂಡಿತ್ತು. ಅಡುಗೆಮನೆಯಲ್ಲಿ ಹುಣಸೆಹಣ್ಣಿನ ವಾಸನೆ. ಸಿಂಕಿನ ಪಕ್ಕದಲ್ಲಿ ಪುಟ್ಟ ಮೂರು ಕಾಲುಗಳ ಒಂದು ಹಿತ್ತಾಳೆ ಬಟ್ಟಲು ಥಳಥಳ ಹೊಳೆಯುತ್ತಿತ್ತು.

"ಇನ್ನೇನು ಮತ್ತೆ? ನಾಳೆ ಶುಕ್ರವಾರ. ಊರು ಬಿಟ್ಟು ಹೊರಡೋ ಹೆಂಗಸಿನ ಕೈಗೆ ಮಸಿ ಹಿಡಿದ ಪಾತ್ರೆ ಕೊಡೋದಾ? ರಟ್ಟೆ ಬಿದ್ದುಹೋಯ್ತು ಕಣೇ, ಅಷ್ಟು ಉಜ್ಜಿದೀನಿ," ಎಂದರು ಭಾನುಮತಿ. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದವರು, ಬಂದ ದಿನದಿಂದ ಕೈಗೆ ಕೆಲಸ ಹುಡುಕುತ್ತಿದ್ದರು.

ಬಟ್ಟಲು ಪಕ್ಕದ ಮನೆಯ ಕಿರ್ಸ್ಟನ್ ಅವರದು. ಮದುವೆಯಾಗಿ ಡೆನ್ಮಾರ್ಕಿನಿಂದ ಡಬ್ಲಿನ್ನಿಗೆ ಬರುವಾಗ ತಂದದ್ದು. ಅರವತ್ತು ವರ್ಷ ಅದನ್ನು ಯಾರೂ ಉಜ್ಜಿರಲಿಲ್ಲ, ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮುದುಕಿಗೆ ಈಗೀಗ ಹೆತ್ತ ಮಗಳ ಗುರುತೂ ಸಿಗುತ್ತಿರಲಿಲ್ಲ. ಆದರೆ ಆ ಕಂದು ಬಟ್ಟಲು ಕಂಡರೆ ಸಾಕು, ಮನೆಯ ಕೀಲಿ ಅದರೊಳಗೆ ಹಾಕಿ ನೆಮ್ಮದಿಯಾಗಿ ಕೂರುತ್ತಿದ್ದರು. ನಾಳೆ ಮಗಳು ಓರ್ಲಾ ಅವರನ್ನು ಕಿಲ್ಕೆನ್ನಿಯ ನರ್ಸಿಂಗ್ ಹೋಮಿಗೆ ಕರೆದೊಯ್ಯುವವಳಿದ್ದಳು. ಹೊಸ ಕೋಣೆಯಲ್ಲಿ ಇದೊಂದಿದ್ದರೆ ಅಮ್ಮ ಹೇಗೋ ಹೊಂದಿಕೊಳ್ಳುತ್ತಾಳೆ ಎಂಬ ಆಸೆ ಅವಳದು. ಜೋಪಾನವಾಗಿ ಸುತ್ತಿಕೊಡುತ್ತೇನೆಂದು ಜ್ಯೋತ್ಸ್ನಾಳೇ ಮನೆಗೆ ತಂದಿಟ್ಟಿದ್ದಳು.

"ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳೋಕೆ ನೀನು ಮನೇಲಿ ಇದ್ದರೆ ತಾನೆ?"

ಅದೂ ನಿಜವೇ. ಜಗಳವಾಡಲು ಜ್ಯೋತ್ಸ್ನಾಳಿಗೆ ತ್ರಾಣವಿರಲಿಲ್ಲ. ಕೋಟಿನಲ್ಲೇ ನೆಲದ ಮೇಲೆ ಕುಳಿತು, ಬಟ್ಟಲಿನ ಕಥೆಯನ್ನೆಲ್ಲ ಹೇಳಿದಳು.

ಬೆಳಿಗ್ಗೆ ಕಿರ್ಸ್ಟನ್ ಕಾರಿನಲ್ಲಿ ಕುಳಿತಾಗಿತ್ತು. ಬಟ್ಟಲು ನೋಡಿದ ಓರ್ಲಾಳ ಮುಖ ಒಂದು ಕ್ಷಣ ಬಾಡಿತು. "ಗ್ರ್ಯಾಂಡ್, ಇಟ್ಸ್ ಗ್ರ್ಯಾಂಡ್," ಎಂದಳು. ಏನೂ ಸರಿಯಿಲ್ಲದಾಗಲೂ ಈ ಊರಿನವರು ಹಾಗೇ ಅನ್ನುತ್ತಾರೆ.

ಕಿರ್ಸ್ಟನ್ ಬಟ್ಟಲನ್ನು ತಿರುಗಿಸಿ ನೋಡಿದರು. ಚೆನ್ನಾಗಿದೆ, ಆದರೆ ನನ್ನದಲ್ಲವಲ್ಲ, ಎಂದು ಮರ್ಯಾದೆಯಿಂದಲೇ ವಾಪಸು ಚಾಚಿದರು. ಇದು ನಿಮ್ಮದೇ ಎಂದು ಜ್ಯೋತ್ಸ್ನಾ ಎರಡು ಸಲ ಹೇಳಿದಳು. ಅವರು ನಕ್ಕು, ನನ್ನದು ಸಿಗುವವರೆಗೆ ಕೀಲಿ ನನ್ನ ಹತ್ತಿರವೇ ಇರಲಿ, ಎಂದು ಮುಷ್ಟಿ ಬಿಗಿದರು. ಆ ಮನೆಯ ಬೀಗ ಇನ್ನು ಅವರು ತೆಗೆಯುವ ಹಾಗಿರಲಿಲ್ಲ. ಬಟ್ಟಲು ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ ಎಂದಳು ಓರ್ಲಾ. ಕಾರು ಹೊರಟಿತು.

"ಏನಂದ್ರು ಕಣೇ?" ಬಾಗಿಲಲ್ಲಿ ನಿಂತಿದ್ದ ಭಾನುಮತಿ ಕೇಳಿದರು.

ಸುಳ್ಳು ಹೇಳಬಹುದಿತ್ತು. "ಅವರದಲ್ವಂತೆ, ಅತ್ತೆ."

ಮಧ್ಯಾಹ್ನ ಒಂದು ನಿದ್ದೆ ತೆಗೆದು ಜ್ಯೋತ್ಸ್ನಾ ಕೆಳಗಿಳಿದಾಗ ಹಿಂಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಭಾನುಮತಿ, ಮಡಿಲಲ್ಲಿ ಬಟ್ಟಲು, ಪಕ್ಕದಲ್ಲಿ ಉಪ್ಪು ನೀರಿನ ಬೋಗುಣಿ. ದೇವರ ದೀಪಕ್ಕೆ ಮೊಮ್ಮಗಳ ಒಂದು ಬೆರಳು ತಾಗಿದರೂ ಕಲೆಯಾಗುತ್ತದೆಂದು ರೇಗುತ್ತಿದ್ದವರು, ಅಂಗೈ ಅದ್ದಿ ಅದ್ದಿ ಹೊಳೆಯುವ ಹಿತ್ತಾಳೆಯ ಮೇಲೆಲ್ಲ ಒತ್ತುತ್ತಿದ್ದರು.

"ಕಪ್ಪಾಗೋಕೆ ಎಷ್ಟು ದಿನ ಬೇಕೇ?"

"ಗೊತ್ತಿಲ್ಲ ಅತ್ತೆ."

"ನಾನು ಊರಿಗೆ ಹೊರಡೋದು ಇಪ್ಪತ್ತೆಂಟನೇ ತಾರೀಕು," ಎಂದರು ಭಾನುಮತಿ, ತಲೆಯೆತ್ತದೆ.

ಜ್ಯೋತ್ಸ್ನಾ ಪಕ್ಕದಲ್ಲಿ ಕುಳಿತು ಬೋಗುಣಿಯಲ್ಲಿ ಕೈ ಅದ್ದಿದಳು.