ಕೊನೆಯ ಸೈಕಲ್ ಯಾರದು?

ಟೈಲರ್ ಅಕ್ಕನಿಗೆ ಸೈಕಲ್ ಬರುತ್ತಿರಲಿಲ್ಲ ಎಂದಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ದಿನವೂ ತುಳಿಯುತ್ತಿದ್ದಳು. ಭಾನುವಾರ ಬೆಳಗ್ಗೆ ಗುಂಪಾಗಿ ಹೊರಡುವ ಸವಾರರನ್ನು ಕಂಡರೆ ಮಾತ್ರ ಆಸೆಯೂ ಆಗುತ್ತಿತ್ತು, ಅಳುಕೂ ಆಗುತ್ತಿತ್ತು.

"ಅವರ ಜೊತೆ ನೀನಾ? ಅರ್ಧ ದಾರೀಲಿ ಬಿಟ್ಟು ಹೋದ್ರೆ?" ಎಂದ ಗಂಡ. ಅವಳ ಭಯವೂ ಅದೇ.

ಪಕ್ಕದ ಬೇಕರಿ ನಡೆಸುವಾಕೆ ಆ ಗುಂಪಿನವಳು. "ಯಾರನ್ನೂ ಬಿಟ್ಟು ಹೋಗಲ್ಲ ಅಣ್ಣ. ಹೊಸಬರಿಗೆ ಅಂತಾನೇ ನಿಧಾನದ ಸವಾರಿ ಇದೆ. ಟೈರಿನ ಗಾಳಿ, ಬ್ರೇಕು ನೋಡ್ಕೊಂಡು, ಹೆಲ್ಮೆಟ್ ಹಾಕ್ಕೊಂಡು, ನೀರು ತಗೊಂಡು ಬರ್ಲಿ ಸಾಕು."

"ಸರಿ, ಒಂದ್ಸಲ ಬರ್ತೀನಿ. ಮಾನ ಹೋದ್ರೆ ಮತ್ತೆ ಆ ಸುದ್ದೀನೇ ಎತ್ತಲ್ಲ," ಎಂದಳು ಅಕ್ಕ.

ಭಾನುವಾರ ಹೊರಡುವ ಮುನ್ನ ಬೇಕರಿಯಾಕೆ ಪಾಠ ಹೇಳಿದಳು. "ಮುಂದಿನ ಸೈಕಲ್‌ಗೆ ಅಂಟ್ಕೊಂಡು ಹೋಗ್ಬೇಡಿ ಅಕ್ಕ, ಜಾಗ ಬಿಡಿ. ಗಕ್ಕನೆ ಬ್ರೇಕ್ ಹಾಕ್ಬೇಡಿ. ಗುಂಡಿ ಕಂಡ್ರೆ ಕೈ ತೋರಿಸಿ ಕೂಗಿ, ಹಿಂದಿನವರಿಗೆ ರಸ್ತೆ ಕಾಣಲ್ಲ."

ಸೇತುವೆಯ ಏರಿನಲ್ಲಿ ಅಕ್ಕನಿಗೆ ಏದುಸಿರು ಬಂತು. ಹಿಂದಿದ್ದವಳು ಬೇಕರಿಯಾಕೆ ಒಬ್ಬಳೇ. ಪಾಪ, ನನ್ನಿಂದ ಇವಳಿಗೂ ತಡ ಎಂದುಕೊಂಡು ಅಕ್ಕ ಬದಿಗೆ ಸರಿದು, "ನೀನು ಮುಂದೆ ಹೋಗಮ್ಮ," ಎಂದು ವೇಗ ಇಳಿಸಿದಳು. ಅವಳೂ ಇಳಿಸಿದಳು. ಅಕ್ಕ ಇನ್ನಷ್ಟು, ಅವಳೂ ಇನ್ನಷ್ಟು. ಕಡೆಗೆ ಇಬ್ಬರೂ ಏರಿನ ನಡುವೆ ಕಾಲೂರಿ ನಿಂತೇಬಿಟ್ಟರು.

"ಏನೇ ಇದು? ಹೋಗು ಅಂದ್ರೆ ಹೋಗಲ್ವಲ್ಲ!"

"ಎಲ್ಲಿಗೆ ಹೋಗ್ಲಿ ಅಕ್ಕ? ಇವತ್ತು ಕೊನೇ ಸೈಕಲ್ ನಂದು. ನಿಮ್ಮನ್ನ ದಾಟೋ ಹಾಗೇ ಇಲ್ಲ. ಯಾರೂ ಹಿಂದೆ ಒಂಟಿಯಾಗಿ ಉಳೀಬಾರ್ದು ಅಂತ ಗುಂಪಲ್ಲಿ ಗಟ್ಟಿ ಇರೋರನ್ನೇ ಕೊನೇಲಿ ಇಡೋದು."

ಅಕ್ಕನಿಗೆ ನಗು ಬಂತು, ಕಣ್ಣೂ ತುಂಬಿತು. ಮುಂದೆ ಓಡುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕಾಲಲ್ಲಿ ಅಷ್ಟು ಕಸುವಿದ್ದೂ ಇನ್ನೊಬ್ಬರಿಗಾಗಿ ಹಿಂದೆ ಉಳಿಯುವವರನ್ನು ಕಂಡದ್ದು ಅಂದೇ. ಎಂಥ ದೊಡ್ಡ ಮನಸ್ಸು! ಏರಿನ ತುದಿಯಲ್ಲಿ ಉಳಿದವರೆಲ್ಲ ಮರದ ನೆರಳಲ್ಲಿ ಹರಟುತ್ತ ಕಾಯುತ್ತಿದ್ದರು, ಒಬ್ಬರೂ ಮುಖ ಗಂಟಿಕ್ಕಿರಲಿಲ್ಲ.

ವಾಪಸು ಬರುವಾಗ ಅಕ್ಕ ಗುಂಪಿನ ನಡುವೆ ಸೇರಿಕೊಂಡಳು. ಮುಂದಿನಿಂದ "ಗುಂಡಿ!" ಎಂಬ ಕೂಗು ಬಂತು. ಅಂಗಡಿಯಲ್ಲಿ ಪಿಸುಗುಟ್ಟಿದಂತೆ ಮಾತಾಡುವ ಅಕ್ಕ, ಕೈ ತೋರಿಸಿ, ಬೀದಿಗೆಲ್ಲ ಕೇಳುವಂತೆ "ಗುಂಡೀ!" ಎಂದು ಕೂಗಿದಳು. ಅವಳ ಮಾತು ನಂಬಿ ಹಿಂದಿನವರು ಪಕ್ಕಕ್ಕೆ ಸರಿದು ಸಲೀಸಾಗಿ ದಾಟಿದರು. ಅಕ್ಕನಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಮನೆಯಲ್ಲಿ ಗಂಡ ಬಾಗಿಲಲ್ಲೇ ಕೇಳಿದ, "ಬಿಟ್ಟು ಹೋದ್ರಾ?"

"ಬಿಟ್ಟು ಹೋಗೋದಿರ್ಲಿ, ಹೋಗು ಅಂತ ಬೇಡ್ಕೊಂಡ್ರೂ ಹೋಗಲಿಲ್ಲ!" ಅಕ್ಕ ನಡೆದದ್ದೆಲ್ಲ ಹೇಳಿದಳು.

ಗಂಡ ತಲೆ ಕೆರೆದುಕೊಂಡ. "ನಾನು ಬಂದ್ರೆ... ನನ್ನ ಹಿಂದೇನೂ ಒಬ್ರು ಇರ್ತಾರಾ?"

"ಇರ್ತಾರೆ. ಏರು ಬಂದಾಗ ನಾಚ್ಕೋಬೇಡಿ, ಅಷ್ಟೆ."

ನಿಮಗೂ ಆಸೆಯಿದೆ, ಅಳುಕೂ ಇದೆ ಅಲ್ಲವೇ? ಹತ್ತಿರದ ಸೈಕಲ್ ಗುಂಪಿನಲ್ಲಿ ಹೊಸಬರ ಸವಾರಿ ಯಾವಾಗ ಎಂದು ಕೇಳಿ. ಕೊನೆಯ ಸೈಕಲ್ ಯಾರದು ಎಂದೂ ಕೇಳಿ. ಉತ್ತರ ಸಿಕ್ಕಿದರೆ ಹೆಲ್ಮೆಟ್ ಹಾಕಿ ಹೊರಡಿ. ನಿಧಾನವಾಗಿ ಹೋಗುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಡಿ.