ಬೇಕನ್ ತಿಂದ ಬೀಗ

ಶೆಫೀಲ್ಡಿನಲ್ಲಿ ಮನುಷ್ಯ ಹುಟ್ಟುವಾಗಲೇ ಎರಡರಲ್ಲೊಂದಾಗಿ ಹುಟ್ಟುತ್ತಾನೆ. ಒಂದು ವೆನ್ಸ್‌ಡೇ, ಇನ್ನೊಂದು ಯುನೈಟೆಡ್, ಎರಡೂ ಊರಿನ ಫುಟ್‌ಬಾಲ್ ತಂಡಗಳು. ಒಂದರ ಹೆಸರು ಬುಧವಾರ, ಆಡುವುದು ಹೆಚ್ಚಾಗಿ ಶನಿವಾರ. ಇನ್ನೊಂದರ ಹೆಸರು ಒಗ್ಗಟ್ಟು, ಊರನ್ನು ಇಬ್ಭಾಗ ಮಾಡಿರುವುದೇ ಅದು. ಹೀಗೇಕೆ ಎಂದು ಕೇಳಬಾರದು. ವೆನ್ಸ್‌ಡೇಯವರದು ನೀಲಿ ಬಿಳಿ ಪಟ್ಟೆಯ ಅಂಗಿ, ಯುನೈಟೆಡ್‌ನವರದು ಕೆಂಪು ಬಿಳಿ ಪಟ್ಟೆ. ನೀಲಿಯವರು ಕೆಂಪಿನವರನ್ನು ‘ಹಂದಿಗಳು’ ಎಂದು ಬೈಯುತ್ತಾರೆ. ಕೆಂಪಿನವರು ನೀಲಿಯವರನ್ನು ಏನೆಂದು ಬೈಯುತ್ತಾರೆ? ಅವರೂ ‘ಹಂದಿಗಳು’ ಎಂದೇ. ಮೊದಲು ಯಾರು ಯಾರಿಗೆ ಅಂದದ್ದು ಎನ್ನುವುದಕ್ಕೆ ಎರಡು ಕಡೆಯಲ್ಲೂ ಒಂದೊಂದು ಪುರಾಣವಿದೆ. ಎರಡನ್ನೂ ನಂಬಬೇಕಾಗಿಲ್ಲ.

ನೆವಿಲ್ ಸ್ಟಾನಿಫೋರ್ತ್ ನೀಲಿಯವನು. ಬಸ್ಸು ಓಡಿಸಿ ನಿವೃತ್ತನಾದವನು, ಉಳಿದ ಮಾತಿನಲ್ಲಿ ನೆಟ್ಟಗಿದ್ದವನು, ಆದರೆ ಫುಟ್‌ಬಾಲಿನ ವಿಷಯ ಬಂದರೆ ಹದ ತಪ್ಪಿದವನು. ಇಂಗ್ಲೆಂಡಿನ ಗಂಡಸರು ಬೆಳಿಗ್ಗೆ ಎದ್ದು ಬಾಣಲೆಯಲ್ಲಿ ಚುಂಯ್ ಎನ್ನಿಸಿ ತಿನ್ನುವ ಹಂದಿಮಾಂಸದ ತೆಳು ಸೀಳು, ಬೇಕನ್, ಅವನ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಮಾಂಸದ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅದರಲ್ಲಿ ಮಾಂಸ ಕೊಬ್ಬಿನ ಕೆಂಪು ಬಿಳಿ ಪಟ್ಟೆ ಇರುತ್ತದಲ್ಲ, ಅದಕ್ಕೆ! ಶತ್ರುವಿನ ಅಂಗಿಯನ್ನು ಹುರಿದು ತಿನ್ನುವುದುಂಟೇ? ಹೆಂಡತಿ ನೊರೀನ್ ಆಸೆಯಾದಾಗ ತಂಗಿಯ ಮನೆಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿಕೊಂಡು ಬರುತ್ತಿದ್ದಳು.

ಇಂಥವನ ಒಬ್ಬಳೇ ಮಗಳು ಲಿಂಡ್ಸೆ ಹೋಗಿ ಹೋಗಿ ಕೆಂಪಿನ ಮನೆಯ ಕ್ರೇಗ್‌ನನ್ನು ಮದುವೆಯಾದಳು. ಕ್ರೇಗ್‌ನ ಅಪ್ಪ ರೆಗ್ ಹ್ಯಾಟರ್ಸ್ಲಿ ಚೂರಿ ಕಾರ್ಖಾನೆಯಲ್ಲಿ ಅಲಗು ಮಸೆದು ತಲೆ ನರೆಸಿಕೊಂಡವನು, ನಾಲಗೆಯನ್ನೂ ಅಲ್ಲೇ ಮಸೆದುಕೊಂಡಿದ್ದ. ಮದುವೆಯ ಊಟದಲ್ಲಿ ಎದ್ದುನಿಂತು, “ಹಂದಿಗೂಡಲ್ಲೂ ಮುತ್ತು ಸಿಗತ್ತೆ ಅಂತ ಇವತ್ತು ಗೊತ್ತಾಯ್ತು ಬೀಗ್ರೇ” ಎಂದು ಭಾಷಣ ಮುಗಿಸಿದ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಹಗೆಗಳಾದರು. ವೆನ್ಸ್‌ಡೇ ಸೋತ ಸಂಜೆ ರೆಗ್ ಬಾಗಿಲು ತಟ್ಟಿ ಟೋಪಿ ತೆಗೆದು, “ಮನೇಲಿ ಸಾವಾಯ್ತಂತೆ? ಮಾತಾಡಿಸ್ಕೊಂಡು ಹೋಗಣ ಅಂತ ಬಂದೆ” ಎನ್ನುತ್ತಿದ್ದ. ಯುನೈಟೆಡ್ ಸೋತರೆ ನೆವಿಲ್ ಹೋಗಿ ಅವನ ಗೇಟಿಗೆ ನೀಲಿ ಮಫ್ಲರ್ ಕಟ್ಟಿ ಬರುತ್ತಿದ್ದ. ರೆಗ್‌ಗೆ ಇನ್ನೊಂದು ಚಾಳಿಯಿತ್ತು. ವೆನ್ಸ್‌ಡೇ ಗೋಲು ಹೊಡೆದ ಕೂಡಲೇ ಎದೆ ಹಿಡಿದುಕೊಂಡು, ನಾಲಗೆ ಹೊರಚಾಚಿ, ಸೋಫಾದ ಮೇಲೆ ಸತ್ತು ಬೀಳುವುದು.

ಅಂದು ಎರಡೂ ತಂಡಗಳ ಪಂದ್ಯ. ನೆವಿಲ್‌ನ ಮನೆಯ ಟಿವಿಯ ಮುಂದೆ ಬೀಗರಿಬ್ಬರೂ ಕೂತಿದ್ದರು. ವೆನ್ಸ್‌ಡೇ ಗೋಲು ಹೊಡೆಯಿತು, ರೆಗ್ ಬಿದ್ದ. “ಸಾಕೋ ನಿನ್ನ ನಾಟಕ” ಎಂದು ನೆವಿಲ್ ಅತ್ತ ತಿರುಗಿಯೂ ನೋಡದೆ ಅದೇ ಗೋಲನ್ನು ಮತ್ತೊಮ್ಮೆ ತೋರಿಸುವುದನ್ನು ಕಣ್ತುಂಬ ನೋಡಿದ. ಚಹಾ ತಂದ ನೊರೀನ್ ಕಿರುಚಿದಾಗಲೇ ಅವನು ತಿರುಗಿದ್ದು. ರೆಗ್‌ನ ಬಾಯಿ ಲಕ್ವ ಹೊಡೆದು ಒಂದು ಕಡೆಗೆ ವಾಲಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ನಡುಗುತ್ತಿದ್ದವನ ಕೊರಳಿಗೆ ನೆವಿಲ್ ಕೈಗೆ ಸಿಕ್ಕಿದ್ದನ್ನು ಸುತ್ತಿದ. ಸಿಕ್ಕಿದ್ದು ಅವನದೇ ನೀಲಿ ಬಿಳಿ ಮಫ್ಲರ್.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ರೆಗ್‌ಗೆ ಮಗನ ಗುರುತಾಯಿತು, ಸೊಸೆಯ ಗುರುತಾಯಿತು, ನೆವಿಲ್‌ನ ಗುರುತೂ ಆಯಿತು. ಮಾತು ತೊದಲಿದರೂ ತಿಳಿಯುತ್ತಿತ್ತು. ಎಲ್ಲರೂ ಅಬ್ಬಾ ಎಂದುಕೊಳ್ಳುವಷ್ಟರಲ್ಲಿ ಅವನು ಕೇಳಿದ: “ನೆವಿಲ್, ಕೊನೇಗೆ ನಾವು ಗೆದ್ವಾ?”

“ನಾವು ಅಂದ್ರೆ?”

“ನಾವೇ ಕಣಯ್ಯ. ವೆನ್ಸ್‌ಡೇ.”

ನೆವಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ರೆಗ್ ನಗಲಿಲ್ಲ. ನೆವಿಲ್‌ನ ನಗು ಅರ್ಧಕ್ಕೇ ನಿಂತಿತು.

ವಾರ್ಡಿನ ನರ್ಸ್ ಫೊಲಾಕೆ ಕಡಲಾಚೆಯ ಲೇಗೋಸ್ ಊರಿನವಳು. ಪಾಪ, ಅವಳೇ ಮೊದಲು ಮಫ್ಲರ್ ನೋಡಿ “ಓ, ನೀವು ವೆನ್ಸ್‌ಡೇನವ್ರಾ?” ಎಂದು ಕೇಳಿದ್ದಳಂತೆ. ರೆಗ್ ಸ್ವಲ್ಪ ಹೊತ್ತು ಯೋಚಿಸಿ “ಹೂಂ” ಎಂದನಂತೆ. ಕ್ರೇಗ್ ಹೊಸ ಕೆಂಪು ಮಫ್ಲರ್ ಕೊಂಡು ತಂದ. ರೆಗ್ ಅದನ್ನು ಸ್ವಾಧೀನವಿದ್ದ ಕೈಯಿಂದ ನೆಲಕ್ಕೆ ತಳ್ಳಿ, “ಹಂದಿ ಬಟ್ಟೆ” ಎಂದ. ಆಳೆತ್ತರದ ಕ್ರೇಗ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ. ಡಾಕ್ಟರನ್ನು ಕೇಳಿದರೆ, ಕೆಲವು ನೆನಪು ತಿರುಗಿ ಬರುತ್ತವೆ, ಕೆಲವು ಬರುವುದಿಲ್ಲ ಎಂದರು. ಅಷ್ಟು ಹೇಳಲು ಡಾಕ್ಟರ್ ಯಾಕೆ ಬೇಕು?

ನೆವಿಲ್‌ಗೆ ತಲೆಬುಡ ತಿಳಿಯಲಿಲ್ಲ. ರೆಗ್ ಹುಟ್ಟಾ ಕಿಡಿಗೇಡಿ. ಕಾಲೆಳೆಯುತ್ತಿದ್ದಾನೋ, ಅಥವಾ ಒಳಗಿದ್ದ ರೆಗ್ ಹೋಗಿಯೇಬಿಟ್ಟನೋ? ಮುಖ ನೋಡಿ ತಿಳಿಯೋಣವೆಂದರೆ ರೆಗ್‌ನ ತುಂಟ ನಗು ಮೊದಲಿನಿಂದಲೂ ಬಾಯಿಯ ಎಡಗಡೆಯಿಂದ ಶುರುವಾಗುತ್ತಿತ್ತು. ಈಗ ಸತ್ತಿದ್ದುದು ಆ ಎಡಗಡೆಯೇ. ಪಬ್ಬಿನಲ್ಲಿ ನೀಲಿಯ ಗೆಳೆಯರು “ಭಲೇ ಗೆದ್ದೆ ಬಿಡು, ಬೀಗನ್ನೇ ಪಕ್ಷಾಂತರ ಮಾಡಿಸ್ಬಿಟ್ಟೆ!” ಎಂದು ಬೆನ್ನು ತಟ್ಟಿ ಬಿಯರ್ ಕುಡಿಸಿದರು. ಬಿಯರ್ ನೀರಿನಂತಿತ್ತು. ಗೆದ್ದವನು ತಾನಾದರೆ ಸೋತವನ ಸಂಕಟ ತನಗೇಕೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಆ ಶನಿವಾರ ವೆನ್ಸ್‌ಡೇ ಹೀನಾಯವಾಗಿ ಸೋತಿತು. ಜೀವಮಾನದಲ್ಲಿ ಮೊದಲ ಬಾರಿಗೆ ನೆವಿಲ್ ತನ್ನ ತಂಡ ಸೋತ ಖುಷಿಗೆ ಆಸ್ಪತ್ರೆಗೆ ಓಡಿದ. ರೆಗ್‌ಗೆ ಟೋಪಿ ತೆಗೆಯಲಾಗದಿದ್ದರೂ ಒಂದು ಚುಚ್ಚುಮಾತು ಹೊರಟೀತು ಎಂದು ಹಾಸಿಗೆಯ ಹತ್ತಿರ ಕಾದು ಕೂತ. ರೆಗ್ ಅವನ ಕೈ ಹಿಡಿದುಕೊಂಡು, “ಬೇಜಾರ್ ಮಾಡ್ಕೋಬೇಡ ಕಣೋ. ಮುಂದಿನ ವಾರ ನೋಡ್ಕೊಳ್ಳಣ” ಎಂದ.

ನೆವಿಲ್ ಕೈ ಬಿಡಿಸಿಕೊಂಡು ಎದ್ದು ಹೊರಗೆ ಬಂದ. ಸಮಾಧಾನ ಹೇಳುವವರು ಊರ ತುಂಬ ಇದ್ದರು, ಅದಕ್ಕೆ ರೆಗ್ ಬೇಕಿರಲಿಲ್ಲ.

ಔಷಧಿಯ ಗಾಡಿ ತಳ್ಳಿಕೊಂಡು ಬಂದ ಫೊಲಾಕೆ ಅವನ ಮುಖ ನೋಡಿ ನಿಂತಳು. “ಯಾಕೆ ಹಿಂಗಾಗಿದೀರ? ಅವ್ರು ಹುಷಾರಾಗ್ತಿದಾರಲ್ಲ.”

“ಹುಷಾರಾಗ್ತಿರೋದು ಯಾರು ಅಂತಾನೇ ಗೊತ್ತಾಗ್ತಿಲ್ಲಮ್ಮ” ಎಂದ ನೆವಿಲ್. “ನಿಂಗಿದೆಲ್ಲ ಹುಚ್ಚು ಅನ್ನಿಸ್ಬೋದು.”

“ನಂಗಾ?” ಎಂದು ಅವಳು ನಕ್ಕಳು. “ನಮ್ಮಪ್ಪಂಗೂ ಚಿಕ್ಕಪ್ಪಂಗೂ ಲಂಡನ್ನಿನ ಎರಡು ಟೀಮಿನ ಮೇಲೆ ದಿನಾ ಜಗಳ. ಇಬ್ರೂ ಲಂಡನ್ ಕಣ್ಣಲ್ಲಿ ನೋಡಿದವರಲ್ಲ. ಒಂದ್ಸಲ ಅದೇ ವಿಷಯಕ್ಕೆ ಅಜ್ಜಿ ಹಬ್ಬದ ಅಡುಗೇನೇ ನಿಲ್ಲಿಸಿಬಿಟ್ಟಿದ್ರು. ಚಿಕ್ಕಪ್ಪ ತೀರ್ಕೊಂಡ್ಮೇಲೆ ಅಪ್ಪ ಟಿವಿ ಹಾಕೋದೇ ಬಿಟ್ರು. ಗೆದ್ರೆ ಯಾರ ಹತ್ರ ಹೋಗಿ ಹೇಳ್ಲಿ ಅಂತಾರೆ.”

ನೆವಿಲ್ ಸೀದಾ ಆಸ್ಪತ್ರೆಯ ಗೇಟಿನ ಹತ್ತಿರದ ತಿಂಡಿ ಗಾಡಿಗೆ ಹೋದ. ಸುತ್ತಮುತ್ತ ನೀಲಿಯವರು ಯಾರಾದರೂ ಇದ್ದಾರೆಯೇ ಎಂದು ನೋಡಿ, ತಗ್ಗಿದ ದನಿಯಲ್ಲಿ, “ಒಂದು ಬೇಕನ್ ಬನ್ನು” ಎಂದ. ಗಾಡಿಯವಳು “ಸಾಸು ಕೆಂಪೋ, ಕಂದೋ?” ಎಂದು ಕೇಳಿದಳು.

“ಕೆಂಪು ಬೇಡ್ವೇ ಬೇಡ” ಎಂದ ನೆವಿಲ್.

ರೆಗ್ ಬೇಕನ್ನಿಗೆ ಪ್ರಾಣ ಬಿಡುವವನು. ನೆವಿಲ್‌ನನ್ನು ಉರಿಸಲೆಂದೇ ಅವನ ಎದುರು ಕೂತು ಚಪ್ಪರಿಸಿ ಚಪ್ಪರಿಸಿ ತಿನ್ನುತ್ತಿದ್ದವನು. ಬುದ್ಧಿ ಮರೆತರೂ ನಾಲಗೆ ಮರೆಯದು ಎಂಬುದು ನೆವಿಲ್‌ನ ಲೆಕ್ಕ. ಬಿಸಿ ಬನ್ನನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಕದ್ದ ಮಾಲಿನ ಹಾಗೆ ಕೋಟಿನೊಳಗಿಟ್ಟುಕೊಂಡು ಬಂದು ಹಾಸಿಗೆಯ ಮೇಲೆ ಬಿಚ್ಚಿಟ್ಟ. ರೆಗ್ ಅದನ್ನು ನೋಡಿದ. ಮೂಗು ಅರಳಿತೇ? ಅರಳಿದಂತೆ ಕಂಡಿತು. ಆಮೇಲೆ ಅವನು ಮುಖ ತಿರುಗಿಸಿಕೊಂಡು ಹೇಳಿದ: “ತೆಗಿ ಅದನ್ನ. ಕೆಂಪು ಬಿಳಿ.”

ನೆವಿಲ್‌ನದೇ ಮಾತು, ಮನೆಯಲ್ಲಿ ಅವನು ನೊರೀನಳಿಗೆ ಹೇಳುತ್ತಾ ಬಂದ ಅದೇ ಮಾತು, ಬೀಗನ ವಾಲಿದ ಬಾಯಿಂದ ಬಂದಿತ್ತು. ಅಷ್ಟು ಅಸಹ್ಯವಾಗಿ ಅದು ಅವನಿಗೆ ಎಂದೂ ಕೇಳಿಸಿರಲಿಲ್ಲ.

“ಲೋ ರೆಗ್, ನಾಟಕ ಆಗಿದ್ರೆ ಹೇಳ್ಬಿಡೋ. ಅವತ್ತು ನಾಟಕ ಅನ್ಕೊಂಡೆ, ನಿಜ ಆಗೋಯ್ತು. ನಿನ್ನ ಬಿಟ್ಟು ಗೋಲು ನೋಡ್ತಾ ಕೂತೆ. ಇವತ್ತು ಎಲ್ರೂ ನಿಜ ಅಂತಿದಾರೆ. ಒಂದ್ಸಲ ನಾಟಕ ಅಂದ್ಬಿಡು, ನಿನ್ನ ಕಾಲಿಗೆ ಬೀಳ್ತೀನಿ.”

“ಯಾವ ನಾಟಕ?” ಎಂದ ರೆಗ್.

ಆಗ ನೆವಿಲ್ ಏನು ಮಾಡಿದನೆಂದರೆ, ಯಾಕೆ ಮಾಡಿದನೆಂದು ಅವನಿಗೇ ಗೊತ್ತಿಲ್ಲ, ಬನ್ನನ್ನು ಎತ್ತಿಕೊಂಡು ಕಚ್ಚಿದ. ಉಪ್ಪು, ಜಿಡ್ಡು, ಅಂಚಿನಲ್ಲಿ ಗರಿಗರಿ. ಹಾಳಾದ್ದು, ಬಲು ರುಚಿಯಾಗಿತ್ತು. ಇಷ್ಟು ವರ್ಷ ತಪ್ಪಿಸಿಕೊಂಡ ಬೆಳಗಿನ ತಿಂಡಿಗಳೆಲ್ಲ ಒಟ್ಟಿಗೆ ನೆನಪಾಗಿ ಅವನ ಕಣ್ಣಲ್ಲಿ ನೀರು ಬಂತು. ಬೀಗನಿಗಾಗಿ ಬಂದದ್ದೂ ಅದರಲ್ಲಿ ಸೇರಿಕೊಂಡಿತ್ತು. ಕಂದು ಸಾಸು ಗಲ್ಲದ ಮೇಲೆ ಇಳಿಯಿತು.

ರೆಗ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಗಂಟಲಲ್ಲಿ ಏನೋ ಗೊರಗೊರ ಎಂದಿತು. ಕೆಮ್ಮೋ ನಗುವೋ ತಿಳಿಯಲಿಲ್ಲ.

“ಹಂದಿ” ಎಂದ ರೆಗ್.

ನೆವಿಲ್ ಅಗಿಯುವುದನ್ನು ನಿಲ್ಲಿಸಿದ. “ಏನಂದೆ?”

“ಹಂದಿ.”

“ಯಾವ ಹಂದಿ? ನೀನು ಕೆಂಪಿನವನಾಗಿ ನನ್ನನ್ನ ನೀಲಿ ಹಂದಿ ಅಂದ್ಯೋ, ಇಲ್ಲ ನೀಲಿಯವನಾಗಿ ನಾನು ಬೇಕನ್ ತಿಂದೆ ಅಂತ ಅಂದ್ಯೋ? ಸರಿಯಾಗಿ ಹೇಳೋ!”

ರೆಗ್ ಸ್ವಾಧೀನವಿದ್ದ ಕೈ ಚಾಚಿ ನೆವಿಲ್‌ನ ಕೈಯಿಂದ ಬನ್ನು ಕಿತ್ತುಕೊಂಡು, ಅದೇ ಜಾಗದಲ್ಲಿ ಕಚ್ಚಿ, ಅರ್ಧ ಬಾಯಲ್ಲಿ ಸಾಧ್ಯವಾದಷ್ಟು ಸದ್ದು ಮಾಡಿಕೊಂಡು ತಿಂದ. ನೀಲಿಯವನಾದರೆ ಅವನು ತಿನ್ನಬಾರದು. ಆದರೆ ನೀಲಿಯವನಾದ ತಾನೇ ತಿಂದಾಗಿತ್ತಲ್ಲ! ನೆವಿಲ್ ಅದನ್ನು ಈ ಕಡೆಯಿಂದ ಯೋಚಿಸಿದ, ಆ ಕಡೆಯಿಂದ ಯೋಚಿಸಿದ, ಬಗೆಹರಿಯಲಿಲ್ಲ. ಕೊನೆಗೆ ಬೀಗನ ಕೊರಳಿನಲ್ಲೇ ಇದ್ದ ತನ್ನ ನೀಲಿ ಮಫ್ಲರಿನಿಂದ ಅವನ ಬಾಯಿಯ ಜಿಡ್ಡು ಒರೆಸಿದ.

ಮನೆಗೆ ಬಂದಾಗ ಬಾಗಿಲು ತೆಗೆದ ನೊರೀನ್ ಮೂಗೆಳೆದುಕೊಂಡು, “ನೆವಿಲ್! ಬೇಕನ್ ತಿಂದು ಬಂದ್ಯಾ?” ಎಂದಳು. ಅವನು ನಡೆದದ್ದನ್ನೆಲ್ಲ ಹಿಂದುಮುಂದಾಗಿ ಹೇಳಿದ. ಅವಳು ಎರಡೆರಡು ಸಲ ಕೇಳಿಸಿಕೊಂಡಳು.

“ಹಂಗಾದ್ರೆ ಅವನು ಈಗ ಯಾವ್ ಕಡೆ?”

“ದೇವ್ರಿಗೇ ಗೊತ್ತು ನೊರೀನ್. ಆದ್ರೆ ನನ್ ಕಡೆ ಅಲ್ಲ” ಎಂದ ನೆವಿಲ್. “ನನ್ ಕಡೆ ಅಲ್ವೇ ಅಲ್ಲ!” ಎನ್ನುತ್ತ ಕುರ್ಚಿಯಲ್ಲಿ ಕುಸಿದು ಕೂತು, ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತ.

ನೊರೀನಳಿಗೆ ಒಂದೂ ಅರ್ಥವಾಗಲಿಲ್ಲ. ಅವನ ತಲೆ ಸವರುತ್ತ ನಿಂತಿದ್ದಳು. ಆದರೆ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗಲಾರದೆಂದು, ನಾಳೆ ಬೆಳಿಗ್ಗೆ ಮನೆಗೇ ಒಂದಿಷ್ಟು ಬೇಕನ್ ತರಲೇ ಎಂದು ಕೇಳಿಯೇಬಿಟ್ಟಳು.